ಬೆಟ್ಟದ ಮೇಲಿಲ್ಲದ ಮೇಷ್ಟ್ರು

ಗುನ್ಸಾನ್ ಬಂದರಿನ ಮೀನುಪೇಟೆಯ ಹಿಂದಿನ ಬೀದಿಯಲ್ಲಿ ಯೊನ್‌ಹ್ವಾಳ ಮನೆ ಯಾವುದು ಎಂದು ಕೇಳಿದರೆ ಜನ ತಡವರಿಸುತ್ತಾರೆ. ಗಾಯಕ ಹಾನ್ ಗಾರಂನ ಮನೆ ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲವರೆಗೂ ಜೊತೆಗೆ ಬರುತ್ತಾರೆ. ಅವನು ಟೀವಿ ಸ್ಪರ್ಧೆಯಲ್ಲಿ ಹಾಡಿದ್ದು, ತೀರ್ಪು ಕೊಡಲು ಕೂತವಳು ಬಿಕ್ಕಿ ಬಿಕ್ಕಿ ಅತ್ತದ್ದು, ಅಷ್ಟು ದೊಡ್ಡ ಮನುಷ್ಯನಾದರೂ ಈಗಲೂ ಬೀದಿಯ ಕಟ್ಟೆಯ ಮೇಲೆ ಕೂತು ನೂಡಲ್ಸ್ ತಿನ್ನುವುದು, ಎಲ್ಲವನ್ನೂ ದಾರಿಯುದ್ದಕ್ಕೂ ಹೇಳುತ್ತಾರೆ. ಬಾಗಿಲು ತೆರೆಯುವ ಗಿಡ್ಡ ಕೂದಲಿನ ಹೆಂಗಸು ಯಾರು ಎಂದರೆ, "ಅವರಾ? ಮನೆಯವರು. ಮ್ಯಾನೇಜರ್ ಕೆಲಸಾನೂ ಅವರೇ ನೋಡ್ಕೋತಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಗಾರಂ ಹಾಡುವ ಹಾಡುಗಳಿಗೆಲ್ಲ ಮಾತು ಹೊಸೆದು ರಾಗ ಕೂಡಿಸಿದವಳು ಈ ಹೆಂಗಸೇ ಎಂಬುದು ಬಹುಕಾಲ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದುವೆಗೆ ಮುಂಚೆ ಯೊನ್‌ಹ್ವಾ ದ್ವೀಪಗಳಿಗೆ ಹೋಗುವ ಲಾಂಚುಗಳ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು. ಮಂಜು ಕವಿದ ದಿನ ಲಾಂಚು ಬಿಡುತ್ತಿರಲಿಲ್ಲ. ಅಂಥ ದಿನ ಅವಳು ಕಿಟಕಿಯ ಹಿಂದೆ ಕೂತು ಹಾಡು ಕಟ್ಟುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು ಅನ್ನ ಮಾಡುವ ಹೊಸ ಕುಕ್ಕರನ್ನು ಮಗುವಿನ ಹಾಗೆ ತಬ್ಬಿಕೊಂಡು ಓಡಿ ಬಂದಳು. ಅಷ್ಟರಲ್ಲಿ ಲಾಂಚು ದಡ ಬಿಟ್ಟಾಗಿತ್ತು. ಮುಂದಿನದಕ್ಕೆ ಟಿಕೆಟ್ ಕೊಡಲೇ ಎಂದರೆ ಆಕೆ ಬೇಡವೆಂದು ತಲೆಯಾಡಿಸಿದಳು. ಲಾಂಚು ಕಣ್ಣಿಗೆ ಕಾಣದಾಗುವವರೆಗೂ ನಿಂತಿದ್ದು, ಬಂದ ದಾರಿಯಲ್ಲೇ ಹೊರಟುಹೋದಳು. ಆ ಬೆನ್ನು ನೋಡುತ್ತ ಹುಟ್ಟಿದ್ದು 'ಲಾಂಚು ಹೊರಟ ಮೇಲೆ'. ಇವತ್ತು ದೇಶದ ಕರಾವೋಕೆ ಹಾಡುಕೋಣೆಗಳಲ್ಲೆಲ್ಲ ನಡುವಯಸ್ಸಿನವರು ಮೈಕು ಹಿಡಿದು ಕಣ್ಣು ಮುಚ್ಚಿಕೊಂಡು ಹಾಡುವ ಹಾಡು ಅದೇ. ಕೈಕೊಟ್ಟು ಹೋದ ಪ್ರಿಯಕರನ ಹಾಡು ಎಂದು ಎಲ್ಲರೂ ನಂಬಿದ್ದಾರೆ. ಕುಕ್ಕರಿನ ಸಂಗತಿ ಯಾರಿಗೂ ತಿಳಿಯದು.

ಗಾರಂ ಎಂಬುದು ಆಮೇಲೆ ಇಟ್ಟುಕೊಂಡ ಹೆಸರು; ಅವನು ಆಗ ಇನ್ನೂ ಚಾಂಗ್‌ಬೊಕ್. ಮದುವೆ ಮನೆಗಳಲ್ಲಿ, ಅರವತ್ತು ತುಂಬಿದವರ ಔತಣಗಳಲ್ಲಿ ಹಾಡುತ್ತಿದ್ದ. ಧ್ವನಿ ಜೇನು, ನಾಲಿಗೆಗೆ ಮಾತ್ರ ಲಗಾಮಿಲ್ಲ. ಮದುವೆಯಾದ ಮೇಲೆ ಅವನನ್ನು ಮೊದಲ ಸಲ ಸೋಲ್‌ನ ಧ್ವನಿಮುದ್ರಣ ಕಂಪನಿಯೊಂದಕ್ಕೆ ಕರೆದುಕೊಂಡು ಹೋದವಳು ಯೊನ್‌ಹ್ವಾಳೇ. ಹಾಡು ಕೇಳಿ ಯಜಮಾನ ತಲೆದೂಗಿದ. ಬರೆದವರು ಯಾರು ಎಂದು ಕೇಳಿ, ಉತ್ತರ ಕೇಳಿದ ಮೇಲೆ ಸಿಗರೇಟು ಕೆಳಗಿಟ್ಟ.

"ಹೆಂಡ್ತಿ ಬರೆದ ವಿರಹದ ಹಾಡನ್ನ ಗಂಡ ಹಾಡಿದ್ರೆ ಯಾರಮ್ಮಾ ಅಳ್ತಾರೆ? ಹಾಡು ಮುಗಿದ ಮೇಲೆ ಇಬ್ರೂ ಒಂದೇ ವ್ಯಾನಲ್ಲಿ ಮನೆಗೆ ಹೋಗ್ತಾರಲ್ಲ ಅಂತ ನಗ್ತಾರೆ. ಬೇರೆ ಹೆಸರು ಹಾಕು. ಗಂಡಸಿನ ಹೆಸರು."

ಅವಳಿಗೂ ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಹಾಡು ಹೊರಗೆ ಬಂದರೆ ಸಾಕಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಬಂಡೆ ಬೆಟ್ಟದ ಚಿತ್ರ ನೋಡಿ 'ಸೊಕ್ ಸಾನ್' ಎಂದು ಬರೆಸಿದಳು. ಕಲ್ಲುಬೆಟ್ಟ ಎಂದು ಅರ್ಥ.

ಮ್ಯಾನೇಜರ್ ಇಡುವ ಶಕ್ತಿ ಇರಲಿಲ್ಲವಾಗಿ ಆ ಕೆಲಸವೂ ಅವಳ ತಲೆಗೇ ಬಂತು. ಕಾರ್ಯಕ್ರಮ ಒಪ್ಪಿಕೊಳ್ಳುವುದು, ವ್ಯಾನು ಓಡಿಸುವುದು, ಕೋಟಿಗೆ ಇಸ್ತ್ರಿ ಹಾಕುವುದು, ಗಂಟಲಿಗೆ ಶುಂಠಿ ಕಷಾಯ ಕಾಸುವುದು, ಗಂಡ ಕುಡಿದು ಯಾರಿಗೋ ಕೊಟ್ಟ ಮಾತನ್ನು ಮರುದಿನ ಬೆಳಿಗ್ಗೆ ವಾಪಸು ತೆಗೆದುಕೊಳ್ಳುವುದು. ಹಾಡು ಬರೆಯುವುದು ಇದರ ಸಂದಿಯಲ್ಲಿ, ಪೆಟ್ರೋಲ್ ಬಂಕಿನ ಸಾಲಿನಲ್ಲಿ. ಅವನಿಗೆ ಐವತ್ತು ದಾಟಿದ ಮೇಲೆ, ಅವಳೇ ಅರ್ಜಿ ಹಾಕಿ ಟೀವಿ ಸ್ಪರ್ಧೆಗೆ ಕಳಿಸಿದಳು. ಆಮೇಲೆ ನಡೆದದ್ದು ಇಡೀ ದೇಶಕ್ಕೇ ಗೊತ್ತು.

ಆ ಸ್ಪರ್ಧೆಯಲ್ಲೇ ನಿರೂಪಕ ಕೇಳಿದ್ದು, "ಈ ಸೊಕ್ ಸಾನ್ ಅನ್ನೋ ಮಹಾನುಭಾವರು ಯಾರು ಸ್ವಾಮಿ?" ಎಂದು. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಗಾರಂ ಮೈಕು ಕೈ ಬದಲಾಯಿಸಿಕೊಂಡು, "ಮೇಷ್ಟ್ರು ಜಿರಿ ಬೆಟ್ಟದ ಮೇಲಿರ್ತಾರೆ. ಫೋನಿಲ್ಲ, ವಿಳಾಸ ಇಲ್ಲ. ಹಾಡು ಹಣ್ಣಾದಾಗ ಅವರೇ ಇಳಿದು ಬರ್ತಾರೆ" ಎಂದುಬಿಟ್ಟ. ಸಭೆ ಉಸಿರು ಬಿಗಿಹಿಡಿದು ಕೇಳಿತು. ಪರದೆಯ ಹಿಂದೆ ಅವನ ಕೋಟು ಹಿಡಿದು ನಿಂತಿದ್ದ ಯೊನ್‌ಹ್ವಾಗೆ ಮೈಯೆಲ್ಲ ಉರಿಯಿತು.

"ಬೆಟ್ಟ ಯಾಕ್ರೀ ಹತ್ತಿಸಿದ್ರಿ ನನ್ನ?" ಎಂದು ವ್ಯಾನಿನಲ್ಲಿ ಕೇಳಿದಳು.

"ಬಾಯಿಗೆ ಬಂತು ಕಣೇ. ಜನ ಎಷ್ಟು ಖುಷಿಪಟ್ರು ನೋಡಿದ್ಯಲ್ಲ? ಈಗ ಅದನ್ನೆಲ್ಲ ಹಿಡ್ಕೊಂಡು ಕೂರಬೇಡ."

ಅವಳು ಹಿಡಿದುಕೊಂಡು ಕೂರಲಿಲ್ಲ. ಕೂರಲು ಪುರುಸೊತ್ತಾದರೂ ಎಲ್ಲಿತ್ತು?

ಹೆಸರು ಬಂದ ಹಿಂದೆಯೇ ಅಭಿಮಾನಿಗಳೂ ಬಂದರು. ಗಾರಂ ಎಂದರೆ ಹಳೆಯ ಮಾತಿನಲ್ಲಿ ಹೊಳೆ. ಅದಕ್ಕೇ ಅವರು ತಮ್ಮ ಸಂಘಕ್ಕೆ 'ದಂಡೆ' ಎಂದು ಹೆಸರಿಟ್ಟುಕೊಂಡರು. ಎಲ್ಲರಿಗೂ ಕಾಕಿಹಣ್ಣಿನ ಹಾಗೆ ಕಡು ಕಿತ್ತಳೆ ಬಣ್ಣದ ಜಾಕೆಟ್ಟು. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು, ಗಾರಂಗಿಂತ ಎಷ್ಟೋ ದೊಡ್ಡವರು. ಆದರೂ ಅವನು ವೇದಿಕೆ ಹತ್ತಿದೊಡನೆ ಬಣ್ಣದ ದೀಪದ ಕೋಲು ಬೀಸುತ್ತ "ಅಣ್ಣಾ! ಗಾರಂ ಅಣ್ಣಾ!" ಎಂದು ಹದಿನಾರರ ಹುಡುಗಿಯರ ಹಾಗೆ ಕಿರುಚುತ್ತಿದ್ದರು. ದಂಡೆಯ ಅಧ್ಯಕ್ಷೆ ಮಾ ಜೊಮ್‌ರೇ ದೇಜೊನ್‌ನಲ್ಲಿ ಹಂದಿಮಾಂಸದ ಸೂಪಿನ ಹೋಟೆಲು ನಡೆಸಿ ಗಂಡ ಸತ್ತ ಮೇಲೂ ಮೂರು ಮಕ್ಕಳನ್ನು ದಡ ಮುಟ್ಟಿಸಿದ ಗಟ್ಟಿಗಿತ್ತಿ. ಅವಳ ಎದುರು ಹಬ್ಬದ ಸಂಘಟಕರು ಕೂಡ ಎದ್ದು ನಿಲ್ಲುತ್ತಿದ್ದರು. ಯೊನ್‌ಹ್ವಾಳ ಮೇಲಂತೂ ಅವಳಿಗೆ ಒಂದು ಕಣ್ಣು ಸದಾ ಇರುತ್ತಿತ್ತು.

"ಏನಮ್ಮಾ, ಅಣ್ಣ ಇಳಿದುಹೋಗಿದಾನೆ? ರಾತ್ರಿ ಏನು ಹಾಕ್ತೀಯ ಊಟಕ್ಕೆ?"

"ಅವರೇ ಟೀವಿಗೆ ಅಂತ ಕಡಿಮೆ ತಿಂತಿದ್ದಾರೆ ಅಕ್ಕಾ."

"ಅವನು ಹೇಳ್ತಾನೆ, ನೀನು ಕೇಳ್ತೀಯ! ತಗೋ, ಈ ಡಬ್ಬೀಲಿ ಮೂಲಂಗಿ ಕಿಮ್ಚಿ ಇದೆ. ನಿನ್ನ ಕೈದಲ್ಲ, ಇದನ್ನ ಹಾಕು."

ಹೀಗೆ ಬಂದ ಕಿಮ್ಚಿ ಉಪ್ಪಿನಕಾಯಿಗೆಂದೇ ಮನೆಯಲ್ಲಿ ಮೂರನೇ ಫ್ರಿಜ್ಜು ತರಬೇಕಾಯಿತು.

ಇಷ್ಟೆಲ್ಲದರ ನಡುವೆ ಯೊನ್‌ಹ್ವಾ ಕಳೆದ ವರ್ಷ ವಸಂತದಲ್ಲಿ ಒಂದು ಹಾಡು ಬರೆದಳು. 'ಗೊತ್ತಿಲ್ಲದ ಸ್ಟಾಪು' ಎಂದು. ವಯಸ್ಸಾದ ಹೆಂಗಸೊಬ್ಬಳು ಮನೆಗೆ ಹೋಗುವ ಬಸ್ಸಿನಿಂದ ಸುಮ್ಮನೆ ಯಾವುದೋ ಸ್ಟಾಪಿನಲ್ಲಿ ಇಳಿದು ಬೆಂಚಿನ ಮೇಲೆ ಕೂರುತ್ತಾಳೆ. ಅಲ್ಲಿ ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಅಷ್ಟೇ ಹಾಡು. ಅಳು ಇಲ್ಲ, ಅಗಲಿಕೆ ಇಲ್ಲ. ರಾಗವನ್ನು ಬೇಕೆಂದೇ ಕೆಳಗಿನ ಸ್ವರಗಳಲ್ಲೇ ಓಡಾಡಿಸಿದ್ದಳು. ಎಷ್ಟೋ ವರ್ಷಗಳ ಮೇಲೆ ತನಗಾಗಿ ಒಂದು ಹಾಡು ಬಂತು ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಗಾರಂ ಒಂದು ಸಲ ಕೇಳಿ, "ಚೆನ್ನಾಗಿದೆ, ಚೆನ್ನಾಗಿದೆ. ದಂಡೆಯವರಿಗೊಂದು ಸಲ ಕೇಳಿಸೋಣ" ಎಂದ.

ಕೇಳಿಸಿದ್ದು ಉಪ್ಪುಸೀಗಡಿಗೆ ಹೆಸರಾದ ಊರೊಂದರ ಹಬ್ಬದ ದಿನ, ಕಾರ್ಯಕ್ರಮಕ್ಕೆ ಮುಂಚೆ, ಮಧ್ಯಾಹ್ನದ ಊಟದಲ್ಲಿ. ಹೋಟೆಲಿನ ಒಳಕೋಣೆಯಲ್ಲಿ ಗಿಡ್ಡ ಮೇಜಿನ ಸುತ್ತ ಕಾಕಿಹಣ್ಣಿನ ಬಣ್ಣದ ಜಾಕೆಟ್ಟುಗಳು ಕೂತಿದ್ದವು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಯೊನ್‌ಹ್ವಾ ಫೋನಿನಲ್ಲಿ ಹಾಡು ಹಾಕಿದಳು. ಮುಗಿಯುವವರೆಗೂ ಯಾರೂ ಚಮಚ ಎತ್ತಲಿಲ್ಲ.

ಜೊಮ್‌ರೇ ಬಾಯಿ ಒರೆಸಿಕೊಂಡಳು. "ಇದರಲ್ಲಿ ಗಂಡಸೇ ಇಲ್ಲವಲ್ಲ! ನಮ್ಮಣ್ಣ ಎಲ್ಲಿ ನಿಂತ್ಕೋಬೇಕು ಈ ಹಾಡಲ್ಲಿ?"

"ಹೌದು ಮತ್ತೆ," ಎಂದಳು ಇನ್ನೊಬ್ಬಳು. "ಬೆಂಚಿನ ಕೆಳಗಾ?"

ಕೋಣೆಯೆಲ್ಲ ನಕ್ಕಿತು.

"ಮೇಷ್ಟ್ರಿಗೆ ವಯಸ್ಸಾಯ್ತು ಅನ್ಸುತ್ತೆ," ಎಂದಳು ಜೊಮ್‌ರೇ. "ಬೆಟ್ಟದಲ್ಲಿ ಒಬ್ನೇ ಕೂತ್ರೆ ಹೀಗೇ ಆಗೋದು, ರಸ ಒಣಗಿಹೋಗುತ್ತೆ. ನೋಡಮ್ಮಾ ಮ್ಯಾನೇಜರು, ನೀನು ಹೆಂಗಾದ್ರೂ ಮಾಡಿ ಅವರಿಗೆ ಹೇಳು. ಇದು ಬೇಡ. ಆಗದಿದ್ರೆ ಬೇರೆಯವರ ಹತ್ರ ಬರೆಸು. ಏನಣ್ಣಾ?"

ಗಾರಂನ ಬಾಯಲ್ಲಿ ಮೀನಿತ್ತು. ಅವನು ಹೆಂಡತಿಯ ಕಡೆ ನೋಡದೆ ತಲೆಯಾಡಿಸಿದ. ಆಡಿಸಿದ್ದು ಮೇಲೆ ಕೆಳಗೆ.

ಯೊನ್‌ಹ್ವಾಗೆ ಆ ಹಾಡು ಬೇಡವೆಂದದ್ದು ಅಷ್ಟು ನೋಯಿಸಲಿಲ್ಲ. ಬೇಡ ಅನ್ನಿಸಿಕೊಂಡ ಹಾಡುಗಳು ಬೇಕಾದಷ್ಟಿದ್ದವು. ಆ ತಲೆಯಾಟವನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ಆ ಮೇಷ್ಟ್ರು ನಾನೇ," ಎಂದಳು. "ಸೊಕ್ ಸಾನ್ ಅನ್ನೋದು ನಾನು. ಎಲ್ಲಾ ಹಾಡೂ ನಾನೇ ಬರೆದದ್ದು. 'ಲಾಂಚು ಹೊರಟ ಮೇಲೆ' ಕೂಡ."

ಮೇಜಿನ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ, ಗಡ್ಡ ಎಲ್ಲಮ್ಮಾ ನಿಂದು?" ಎಂದಳು ಒಬ್ಬಳು. ಯೊನ್‌ಹ್ವಾ ಗಂಡನ ಮುಖ ನೋಡಿದಳು. ಅವನೂ ನಗುತ್ತಿದ್ದ. "ನಮ್ಮನೆಯವಳು ಹೀಗೇ, ಆಗಾಗ ತಮಾಷೆ ಮಾಡ್ತಾಳೆ," ಎಂದು ಪಕ್ಕದವರ ಲೋಟಕ್ಕೆ ಬಾರ್ಲಿ ನೀರು ಸುರಿದ.

ಅವಳು ಎದ್ದಳು. ಹಾಡುಗಳ ಹಿನ್ನೆಲೆ ಸಂಗೀತದ ಪೆನ್ ಡ್ರೈವ್, ಗಂಟಲಿನ ಮಾತ್ರೆ, ಬಿಡಿ ಕಾಲುಚೀಲ, ವ್ಯಾನಿನ ಕೀಲಿ, ಎಲ್ಲ ಇದ್ದ ಚೀಲವನ್ನು ಎತ್ತಿ ಜೊಮ್‌ರೇಯ ಮುಂದಿಟ್ಟಳು. ಅದರ ಮೇಲೆ ಕಾರ್ಯಕ್ರಮಗಳ ಫೋನು ಇಟ್ಟಳು.

"ಅಕ್ಕಾ, ಎಲ್ಲಾ ಇದರಲ್ಲಿದೆ. ಇವತ್ತಿನಿಂದ ನೀವೇ ನೋಡ್ಕೊಳ್ಳಿ."

"ಎಲ್ಲಿಗಮ್ಮಾ? ಇನ್ನೇನು ಕಾರ್ಯಕ್ರಮ ಶುರು..."

"ಬೆಟ್ಟಕ್ಕೆ."

ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಬಸ್ಸು ಹತ್ತಿ ಸೀದಾ ಮನೆಗೆ ಬಂದಳು.

ಗಾರಂ ಸಂಜೆ ಬಂದ. ದಂಡೆಯವರೇ ವ್ಯಾನು ಓಡಿಸಿಕೊಂಡು ಬಂದು ಬಿಟ್ಟಿದ್ದರು. ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಷ್ಟು ಜನರ ಎದುರು ಹಂಗೆ ಎದ್ದು ಬರೋದಾ?"

"ಅಷ್ಟು ಜನರ ಎದುರು ಹಂಗೆ ನಗೋದಾ?"

"ನಾನೇನು ಮಾಡ್ಲಿ ಹೇಳು? ಬೆಟ್ಟದ ಮೇಲಿದ್ದಾರೆ ಅಂತ ಟೀವೀಲಿ ಹೇಳಿಬಿಟ್ಟಿದ್ದೀನಿ. ಈಗ ಸುಳ್ಳು ಅಂದ್ರೆ ನನ್ನ ಮರ್ಯಾದೆ?"

"ನೀವೇ ಹತ್ತಿಸಿದ್ದು, ನೀವೇ ಇಳಿಸಿ."

ಅವನು ಮುಖ ಊದಿಸಿಕೊಂಡು ಮಲಗಲು ಹೋದ.

ಎರಡು ದಿನದಲ್ಲಿ ಆ ಫೋನು ವಾಪಸು ಬರುತ್ತದೆ, ಜೊಮ್‌ರೇ ಕೈ ಮುಗಿದುಕೊಂಡು ಬರುತ್ತಾಳೆ ಎಂದು ಯೊನ್‌ಹ್ವಾ ಅಂದುಕೊಂಡಿದ್ದಳು. ಬರಲಿಲ್ಲ. ಹೋಟೆಲನ್ನು ಸೊಸೆಗೆ ಒಪ್ಪಿಸಿ ಜೊಮ್‌ರೇ ಮ್ಯಾನೇಜರಿಕೆಗೆ ನಿಂತೇಬಿಟ್ಟಳು. ನಿಂತದ್ದಷ್ಟೇ ಅಲ್ಲ, ಚೆನ್ನಾಗಿಯೇ ನಡೆಸಿದಳು. ಯೊನ್‌ಹ್ವಾ ಸಂಕೋಚದಿಂದ ಹೂಂ ಎನ್ನುತ್ತಿದ್ದ ಕಡೆ ಅವಳು ಗದರಿ ಇಲ್ಲ ಎನ್ನುತ್ತಿದ್ದಳು. ಗಾರಂನನ್ನು ಮಳೆಯಲ್ಲಿ ಕಾಯಿಸಿದ ಒಬ್ಬ ಸಂಘಟಕನನ್ನು ಅವನ ಊರಿನವರ ಎದುರೇ ಬೈದು ಕ್ಷಮೆ ಕೇಳಿಸಿದಳಂತೆ. ಗಾರಂ ಅದನ್ನು ಮನೆಗೆ ಬಂದು ಬೆರಗಿನಿಂದ ಹೇಳಿದ. ಕುಡಿತವೂ ಕಡಿಮೆಯಾಗಿತ್ತು. ಹೆಂಡತಿಯ ಮಾತಿಗೆ ಬಗ್ಗದವನು ಅಧ್ಯಕ್ಷೆಯ ಕಣ್ಣಿಗೆ ಬಗ್ಗಿದ್ದ.

ಇತ್ತ ಯೊನ್‌ಹ್ವಾಗೆ ಬೇಕಾದಷ್ಟು ಹೊತ್ತು. ಇಷ್ಟು ವರ್ಷ ಬೇಡಿಕೊಂಡದ್ದೇ ಅದನ್ನು. ಬೆಳಿಗ್ಗೆ ಎದ್ದು ಕೀಬೋರ್ಡಿನ ಮುಂದೆ ಕೂರುವಳು. ಬೆರಳು ಇಟ್ಟಲ್ಲೇ ಇರುತ್ತಿತ್ತು. ಎದ್ದು ಅಕ್ಕಿ ತೊಳೆಯುವಳು, ಮತ್ತೆ ಕೂರುವಳು. ಪೆಟ್ರೋಲ್ ಬಂಕಿನ ಸಾಲಿನಲ್ಲಿ, ಹಿಂದಿನ ಗಾಡಿಯವನು ಹಾರನ್ ಹೊಡೆಯುವಾಗ ಬರುತ್ತಿದ್ದ ಸಾಲುಗಳು ಈ ನಿಶ್ಶಬ್ದ ಮನೆಯಲ್ಲಿ ಹತ್ತಿರ ಸುಳಿಯಲಿಲ್ಲ. ಎಲ್ಲೋ ಫೋನು ಕೇಳಿಸಿದ ಹಾಗಾಗಿ ತಟ್ಟನೆ ಏಳುತ್ತಿದ್ದಳು. ನೋಡಿದರೆ ಪಕ್ಕದ ಮನೆಯದು. ತನ್ನ ಮೇಲೆ ತನಗೇ ರೇಗಿ, ಕೀಬೋರ್ಡಿನ ಮೇಲೆ ಮಾಸಿದ ಹಾಸಿಗೆಯ ಹೊದಿಕೆ ಎಸೆದು ಮೀನುಪೇಟೆಗೆ ಹೋಗುತ್ತಿದ್ದಳು. ಅಲ್ಲಿ ಮೀನಿನವಳು, "ಏನಮ್ಮಾ, ಈಗ ಆರಾಮಾ? ಮ್ಯಾನೇಜರ್ ಕೆಲಸ ಬಿಟ್ರಂತೆ. ಗಂಡ ದುಡೀತಾನೆ, ನಿಮಗಿನ್ನೇನು!" ಎನ್ನುತ್ತಿದ್ದಳು.

ಬೇಸಿಗೆಯ ಒಂದು ಮಧ್ಯಾಹ್ನ ಜೊಮ್‌ರೇ ಒಬ್ಬಳೇ ಬಂದಳು. ಕೈಯಲ್ಲಿ ಸೂಪು ತುಂಬಿದ ಸ್ಟೀಲಿನ ಪಾತ್ರೆ. ಕರೆಯದೆಯೇ ಒಳಗೆ ಬಂದು ಒಲೆ ಹಚ್ಚಿ ಬಿಸಿಗಿಟ್ಟಳು.

"ಬೆಟ್ಟದಿಂದ ಇಳಿದ್ಯಾ?" ಎಂದಳು ಬೆನ್ನು ತಿರುಗಿಸಿಕೊಂಡೇ.

ಯೊನ್‌ಹ್ವಾ ಎರಡು ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು.

"ನಂಗೆ ಆವತ್ತೇ ಗೊತ್ತಾಯ್ತು, ಅದು ನೀನೇ ಅಂತ. ಅಣ್ಣ ನೀರು ಸುರಿದನಲ್ಲ, ಲೋಟ ತುಂಬಿ ಚೆಲ್ತಾ ಇದ್ರೂ ನಿಲ್ಲಿಸ್ಲಿಲ್ಲ."

"ಗೊತ್ತಾಗಿಯೂ ನಕ್ರಲ್ಲ ಅಕ್ಕಾ!"

"ಎಲ್ರೂ ನಕ್ರು, ನಾನೂ ನಕ್ಕೆ." ಜೊಮ್‌ರೇ ಮೇಜಿನ ಎದುರು ಕೂತಳು. "ಕೇಳು, ನಂಗೆ ಆ ಹಾಡಿನ ಮೇಲೆ ಸಿಟ್ಟು ಬಂದಿತ್ತು. ಮೂವತ್ತು ವರ್ಷ ಮೂಳೆ ಬೇಯಿಸಿದೀನಿ. ಬೆಂಚಿನ ಮೇಲೆ ಸುಮ್ನೆ ಕೂರೋ ಹೆಂಗಸು ಅಂದ್ರೆ ನಾನೇ. ಅದನ್ನ ಮರೆಯೋಕೆ ಅಂತ ಜಾಕೆಟ್ಟು ಹಾಕ್ಕೊಂಡು ಬಸ್ಸು ಹತ್ತಿ ಬರ್ತೀನಿ. ಅಲ್ಲೂ ನೀನು ಅದನ್ನೇ ತಂದು ಮುಂದೆ ಇಟ್ರೆ? ಸುಳ್ಳೋ ನಿಜವೋ, ಒಬ್ಬ ಗಂಡಸು ನಂಗೋಸ್ಕರ ದಡದಲ್ಲಿ ನಿಂತು ಅಳ್ತಿದಾನೆ ಅಂತ ಒಂದು ಹೊತ್ತು ಇರೋಕೆ ಬಿಡು."

ಆ ಮಾತು ಸರಿಯೆನಿಸಿದ್ದಕ್ಕೇ ಯೊನ್‌ಹ್ವಾಗೆ ಇನ್ನಷ್ಟು ಸಿಟ್ಟು ಬಂತು. ಇಬ್ಬರೂ ಸೂಪು ಕುಡಿದರು. ಹೊರಡುವಾಗ ಜೊಮ್‌ರೇ, "ಉಪ್ಪು ಕಡಿಮೆ ತಿನ್ನು, ಮುಖ ಊದಿದೆ," ಎಂದು ಹೇಳಿ ಹೋದಳು. ಫೋನನ್ನು ವಾಪಸು ಕೊಡುವ ಮಾತೇ ಎತ್ತಲಿಲ್ಲ.

ಗಾರಂಗೆ ಅಧ್ಯಕ್ಷೆ ಏನು ಹೇಳಿದಳೋ ತಿಳಿಯದು. ಶರತ್ಕಾಲದಲ್ಲಿ ಜೊನ್‌ಜುವಿನ ದೊಡ್ಡ ಸಭಾಂಗಣದಲ್ಲಿ, 'ಲಾಂಚು ಹೊರಟ ಮೇಲೆ' ಹಾಡುವ ಮುಂಚೆ ಅವನು ಸಂಗೀತ ನಿಲ್ಲಿಸಿದ. ಬೆಟ್ಟದ ಮೇಲೆ ಯಾರೂ ಇಲ್ಲ, ಈ ಹಾಡು ಬರೆದವಳು ನನ್ನ ಹೆಂಡತಿ ಪ್ಯೊ ಯೊನ್‌ಹ್ವಾ, ಇಷ್ಟು ದಿನ ಸುಳ್ಳು ಹೇಳಿದೆ ಎಂದು ಸಭೆಗೆ ಬಗ್ಗಿ ನಮಸ್ಕರಿಸಿದ. ನಟನೆಯಲ್ಲ, ನಿಜವಾಗಿಯೂ ಅತ್ತಿದ್ದ. ಯೊನ್‌ಹ್ವಾ ಅದನ್ನು ಮನೆಯಲ್ಲಿ ಕೂತು ಫೋನಿನ ಪುಟ್ಟ ಪರದೆಯಲ್ಲಿ ನೋಡಿದಳು. ಮುಗಿದ ಮೇಲೆ ಮತ್ತೆ ಮೊದಲಿಂದ ನೋಡಿದಳು.

ವಿಡಿಯೋದ ಕೆಳಗೆ ಜನ ಬರೆದಿದ್ದನ್ನು ಓದುತ್ತ ಹೋದಳು. 'ಎಂಥಾ ಗಂಡ!' 'ಹೆಂಡತಿಗೆ ಇಷ್ಟು ಗೌರವ ಕೊಡುವ ಗಂಡಸು ಎಲ್ಲಿದ್ದಾನೆ?' 'ಗಾರಂ ಅಣ್ಣ ಚಿನ್ನ.' 'ಆ ಹೆಂಗಸು ಪುಣ್ಯ ಮಾಡಿದ್ದಳು.' ಎಷ್ಟು ಓದಿದರೂ ಅದೇ. ಹಾಡಿನ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಫೋನನ್ನು ಕವುಚಿ ಹಾಕಿ ಅವಳು ಒಬ್ಬಳೇ ಗಟ್ಟಿಯಾಗಿ ಬೈದಳು. ಯಾರನ್ನು ಎಂದು ಅವಳಿಗೇ ಗೊತ್ತಾಗಲಿಲ್ಲ.

ಆದದ್ದು ಇಷ್ಟು: ಗಾರಂನ ಬೇಡಿಕೆ ಎರಡು ಪಟ್ಟಾಯಿತು. ದಂಪತಿಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಬೆಳಗಿನ ಟೀವಿ ಕಾರ್ಯಕ್ರಮಕ್ಕೆ ಕರೆ ಬಂತು. ಯೊನ್‌ಹ್ವಾ ಹೋದಳು. ಹಾಡಿನ ಬಗ್ಗೆ ಕೇಳುತ್ತಾರೆಂದು ರಾತ್ರಿಯೆಲ್ಲ ಯೋಚಿಸಿ, ಕುಕ್ಕರ್ ತಬ್ಬಿದ ಹೆಂಗಸಿನ ಕಥೆ ಹೇಳುವುದೆಂದು ತೀರ್ಮಾನಿಸಿದ್ದಳು. ನಿರೂಪಕಿ ಅವಳಿಂದ ಕಿಮ್ಚಿ ಕಲಸಿಸಿದಳು. ಗಂಡನ ಗಂಟಲಿಗೆ ಏನು ಕೊಡುತ್ತೀರಿ ಎಂದು ಕೇಳಿದಳು. ಕೊನೆಗೆ, "ಈ ವಿರಹವೆಲ್ಲ ಗಂಡ ಊರೂರು ಸುತ್ತುವಾಗ ನೀವು ಅನುಭವಿಸಿದ್ದು, ಅಲ್ವಾ?" ಎಂದಳು.

"ಅಲ್ಲ," ಎಂದಳು ಯೊನ್‌ಹ್ವಾ. "ವ್ಯಾನು ಓಡಿಸ್ತಿದ್ದವಳೇ ನಾನು. ಜೊತೇಲೇ ಇರ್ತಿದ್ದೆ."

ಕುಕ್ಕರಿನ ಕಥೆಯನ್ನೂ ಹೇಳಿದಳು. ಪ್ರಸಾರವಾದಾಗ ಉಳಿದಿದ್ದು ಕಿಮ್ಚಿ ಮಾತ್ರ.

ಈಗ ಹಾಡುಕೋಣೆಗಳ ಪರದೆಯಲ್ಲಿ ಹೊಸ ಹಾಡುಗಳಿಗೆ ಅವಳ ಹೆಸರು ಬರುತ್ತದೆ. ಹಳೆಯದಕ್ಕೆಲ್ಲ ಸೊಕ್ ಸಾನ್ ಎಂದೇ ಇದೆ, ಬದಲಾಯಿಸುವುದು ತೊಡಕಂತೆ. 'ಗೊತ್ತಿಲ್ಲದ ಸ್ಟಾಪು' ಹಾಡಲು ಗಾರಂ ತಾನಾಗಿಯೇ ಒಂದು ದಿನ ಪ್ರಯತ್ನಿಸಿದ. ಕೆಳಗಿನ ಸ್ವರಕ್ಕೆ ಗಂಟಲು ಇಳಿಯಲಿಲ್ಲ. "ಎರಡು ಮೆಟ್ಟಿಲು ಮೇಲಕ್ಕೆ ತಗೊಳ್ಳೇ," ಎಂದ. "ಇದು ನಿಮಗೆ ಬರೆದದ್ದಲ್ಲ ಬಿಡ್ರೀ," ಎಂದು ಅವಳು ಕೀಬೋರ್ಡು ಮುಚ್ಚಿದಳು. ತಗ್ಗಿನ ಧ್ವನಿಯ ಹೆಂಗಸೊಬ್ಬಳಿಗಾಗಿ ಹುಡುಕುತ್ತಿದ್ದಾಳೆ. ಇಬ್ಬರು ಬಂದು ಹಾಡಿ ಹೋದರು. ಒಬ್ಬಳಿಗೆ ಉಸಿರು ಸಾಲದು, ಇನ್ನೊಬ್ಬಳು ಬೆಂಚಿನ ಮೇಲೆ ಕೂತವಳನ್ನೂ ಅಳಿಸಿಯೇ ತೀರುತ್ತಾಳೆ.

ಮೊನ್ನೆ ಮೂರನೆಯವಳು ಬಂದಿದ್ದಳು. ಬುಸಾನ್ ಕಡೆಯ, ಹೆಸರಿಲ್ಲದ ಗಾಯಕಿ. ಮೊದಲ ಚರಣವನ್ನು ಹೇಗೆ ಬೇಕಿತ್ತೋ ಹಾಗೆಯೇ, ಯಾವುದಕ್ಕೂ ಅವಸರವಿಲ್ಲದವಳ ಹಾಗೆ ಹಾಡಿದಳು. ಯೊನ್‌ಹ್ವಾ ಉಸಿರಾಡುವುದನ್ನೂ ಮರೆತು ಕೇಳುತ್ತಿದ್ದಾಗ ಫೋನು ಬಡಿದುಕೊಂಡಿತು. ಪ್ರವಾಸದಲ್ಲಿದ್ದ ಗಾರಂ.

"ಏನೇ, ಆ ಬೆಳ್ಳಿ ಬಣ್ಣದ ಕೋಟು ಎಲ್ಲಿಟ್ಟೆ? ಅಧ್ಯಕ್ಷರು ಎಲ್ಲಾ ಕಡೆ ಹುಡುಕ್ತಿದ್ದಾರೆ."

ಗೊತ್ತಿಲ್ಲ ಎಂದು ಇಟ್ಟುಬಿಡಬಹುದಿತ್ತು. ಎದುರಿಗಿದ್ದವಳು ಎರಡನೇ ಚರಣ ಎತ್ತಿಕೊಳ್ಳಲು ಕಾದು ನಿಂತಿದ್ದಳು.

"ವ್ಯಾನಿನ ಹಿಂದಿನ ಸೀಟಿನ ಕೆಳಗೆ, ನೀಲಿ ಪೆಟ್ಟಿಗೇಲಿ," ಎಂದಳು ಯೊನ್‌ಹ್ವಾ. "ಗುಂಡಿ ಸಡಿಲ ಇದೆ, ನೋಡ್ಕೊಂಡು ಹಾಕ್ಕೊಳ್ಳಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.